ಡಾಲ್ಮೋರ್: ಬೆಂಗಳೂರು ಕೊಂಡ ಹಳೆಯ ಇಸವಿಗಳು

ಸ್ಕಾಟ್ಲೆಂಡಿನ ಉತ್ತರದ ಗುಡ್ಡನಾಡಿಗೆ ಹೈಲ್ಯಾಂಡ್ಸ್ ಎಂದು ಹೆಸರು. ಅಲ್ಲಿನ ಇನ್ವರ್ನೆಸ್ ಪಟ್ಟಣದಿಂದ ಇನ್ನೂ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಆಲ್ನೆಸ್ ಎಂಬ ಊರು ಸಿಗುತ್ತದೆ. ಊರಂಚಿನಲ್ಲಿ, ಕ್ರೊಮಾರ್ಟಿ ಫರ್ತ್ ಎಂಬ ಕಡಲ ಚಾಚಿನ ದಂಡೆಗೆ ಡಾಲ್ಮೋರ್ ವಿಸ್ಕಿ ಡಿಸ್ಟಿಲರಿ ಇದೆ. ಇದು ಶುರುವಾದದ್ದು 1839ರಲ್ಲಿ. 2007ರಿಂದ 2014ರವರೆಗೆ ಇದರ ಒಡೆತನ ಬೆಂಗಳೂರಿನ ಕಂಪನಿಯೊಂದರ ಕೈಯಲ್ಲಿತ್ತು. ಒಂದು ಬಾಟಲಿ ವಿಸ್ಕಿಗೆ ಲಕ್ಷ ಪೌಂಡ್ ಬೆಲೆ ಕಟ್ಟಿದ ಡಿಸ್ಟಿಲರಿ ಎಂಬ ಹೆಸರು ಡಾಲ್ಮೋರ್‌ಗೆ ಬಂದದ್ದು ಆ ಏಳು ವರ್ಷಗಳ ಒಳಗೇ.

ಸ್ಥಾಪಕ ಅಲೆಕ್ಸಾಂಡರ್ ಮ್ಯಾಥೆಸನ್‌ನ ದುಡ್ಡು ಬಂದದ್ದು ವಿಸ್ಕಿಯಿಂದಲ್ಲ, ಅಫೀಮಿನಿಂದ. ಅವನ ಸೋದರಮಾವ ಜೇಮ್ಸ್ ಮ್ಯಾಥೆಸನ್ ಮತ್ತು ವಿಲಿಯಂ ಜಾರ್ಡಿನ್ ಸೇರಿ 1832ರಲ್ಲಿ ಕ್ಯಾಂಟನ್‌ನಲ್ಲಿ ಕಟ್ಟಿದ ಜಾರ್ಡಿನ್ ಮ್ಯಾಥೆಸನ್ ಕಂಪನಿ, ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿ ಮಾರುತ್ತಿತ್ತು. ಬಿಹಾರ ಮತ್ತು ಮಾಳವದ ಹೊಲಗಳಲ್ಲಿ ಗಸಗಸೆ ಕಾಯಿ ಕೊಯ್ದವರ ಬೆವರು ಹೀಗೆ ಕ್ಯಾಂಟನ್ ಸುತ್ತಿಕೊಂಡು ಹೈಲ್ಯಾಂಡ್ಸ್‌ನ ಎಸ್ಟೇಟುಗಳಾಯಿತು. ಚೀನಾದ ಅಧಿಕಾರಿ ಲಿನ್ ಝೆಶು ಬ್ರಿಟಿಷ್ ವ್ಯಾಪಾರಿಗಳ ಅಫೀಮು ಪೆಟ್ಟಿಗೆಗಳನ್ನು ಜಪ್ತಿ ಮಾಡಿ ನಾಶಪಡಿಸಿದ್ದೂ, ಅಫೀಮು ಯುದ್ಧ ಹೊತ್ತಿಕೊಂಡದ್ದೂ ಡಾಲ್ಮೋರ್ ಹುಟ್ಟಿದ 1839ರಲ್ಲೇ. ಡಿಸ್ಟಿಲರಿಯ ಚೆಂದದ ಕರಪತ್ರಗಳಲ್ಲಿ ಈ ಭಾಗಕ್ಕೆ ಹೆಚ್ಚು ಜಾಗ ಸಿಗುವುದಿಲ್ಲ. ಆ ಕಾಲದ ಸ್ಕಾಟರಿಗೆ ಸಾಮ್ರಾಜ್ಯವೇ ಅಂಗಡಿ. ಅದೇ ಶತಮಾನದಲ್ಲಿ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಇನ್ನೊಬ್ಬ ಸ್ಕಾಟಿಷ್ ಜಮೀನ್ದಾರ ಹಾಸನ ಸೀಮೆಯ ಮಂಜರಾಬಾದಿಗೆ ಬಂದು ಕಾಫಿ ತೋಟ ಎಬ್ಬಿಸಿದ, ಅದರ ಮೇಲೆ ಪುಸ್ತಕವನ್ನೂ ಬರೆದ.

ಮ್ಯಾಥೆಸನ್ ದುಡ್ಡು ಹಾಕಿದನೇ ಹೊರತು ಭಟ್ಟಿಯ ಮುಂದೆ ನಿಂತವನಲ್ಲ. ಡಾಲ್ಮೋರ್‌ಗೆ ಇಂದಿನ ಚಹರೆ ಬಂದದ್ದು 1867ರಲ್ಲಿ ಅದನ್ನು ವಹಿಸಿಕೊಂಡ ಮೆಕೆಂಜಿ ಸೋದರರಿಂದ. 1874ರಲ್ಲಿ ಅವರು ಭಟ್ಟಿ ಹಂಡೆಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿದರು. ಮ್ಯಾಥೆಸನ್ ತೀರಿಕೊಂಡ ಮೇಲೆ, 1891ರಲ್ಲಿ, ಡಿಸ್ಟಿಲರಿಯನ್ನೇ ಕೊಂಡುಕೊಂಡರು. ಬಾಟಲಿಯ ಮೇಲೆ ಇಂದಿಗೂ ಎದ್ದು ಕಾಣುವ ಹನ್ನೆರಡು ಕವಲುಕೊಂಬಿನ ಸಾರಂಗದ ತಲೆ ಮೆಕೆಂಜಿ ಕುಲದ ಲಾಂಛನ. 1263ರಲ್ಲಿ ಬೇಟೆಗೆ ಹೋದ ದೊರೆ ಮೂರನೆಯ ಅಲೆಕ್ಸಾಂಡರನ ಮೇಲೆ ಸಾರಂಗವೊಂದು ಎರಗಿತು, ಮೆಕೆಂಜಿಗಳ ಮೂಲಪುರುಷ ಅದನ್ನು ಕೊಂದು ದೊರೆಯನ್ನು ಉಳಿಸಿದ, ದೊರೆ ಈ ಲಾಂಛನ ದಯಪಾಲಿಸಿದ ಎಂಬುದು ದಂತಕತೆ. ಚಿತ್ರಕಾರ ಬೆಂಜಮಿನ್ ವೆಸ್ಟ್ 1786ರಲ್ಲಿ ಈ ಕತೆಯನ್ನು ಗೋಡೆಯಗಲದ ಚಿತ್ರವಾಗಿ ಬರೆದಿದ್ದಾನೆ. ದಂತಕತೆ ಹೇಳುವ ಆ 1263ರಲ್ಲಿ ನಮ್ಮ ಹಳೇಬೀಡು ದೋರಸಮುದ್ರ. ಹೊಯ್ಸಳರ ಆಳ್ವಿಕೆ, ಸೋಮನಾಥಪುರದ ಕೇಶವ ದೇಗುಲ ಪ್ರತಿಷ್ಠೆಯಾಗಿ ಆಗಿನ್ನೂ ಐದು ವರ್ಷ. ಹುಲಿಯನ್ನು ಕೊಂದ ಸಳನ ಕತೆಯನ್ನು ಗುಡಿಗುಡಿಯಲ್ಲಿ ಕಂಡು ಬೆಳೆದವರಿಗೆ ಸಾರಂಗವನ್ನು ಕೊಂದ ಮೆಕೆಂಜಿಯ ಕತೆ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಮಹಾಯುದ್ಧ ಡಾಲ್ಮೋರ್‌ನ ಬಾಗಿಲು ಹಾಕಿಸಿತು. 1917ರಲ್ಲಿ ಬ್ರಿಟಿಷ್ ನೌಕಾಪಡೆ ಜಾಗವನ್ನು ವಶಕ್ಕೆ ತೆಗೆದುಕೊಂಡಿತು. ಜರ್ಮನಿಯ ಜಲಾಂತರ್ಗಾಮಿಗಳನ್ನು ತಡೆಯಲು ಉತ್ತರ ಸಮುದ್ರದಲ್ಲಿ ಇಳಿಬಿಡಬೇಕಿದ್ದ ಮೈನ್ ಎಂಬ ಸಿಡಿಗುಂಡುಗಳನ್ನು ಅಮೆರಿಕದ ನಾವಿಕರು ಇಲ್ಲಿ ಜೋಡಿಸಿದರು. ಸರಕು ಹಡಗಿಗೇರಿಸಲು ಅವರು ಕಟ್ಟಿದ ಕಟ್ಟೆಗೆ ಸುತ್ತಲಿನವರು ಇಂದಿಗೂ ಯಾಂಕೀ ಪಿಯರ್ ಎನ್ನುತ್ತಾರೆ. 1920ರಲ್ಲಿ ಒಡೆಯರಿಗೆ ಜಾಗ ಮರಳಿತಾದರೂ ಸ್ಫೋಟ ಮತ್ತು ಬೆಂಕಿಗೆ ಕಟ್ಟಡದ ಬಹುಭಾಗ ಹಾಳಾಗಿತ್ತು. ಪರಿಹಾರಕ್ಕಾಗಿ ಮೆಕೆಂಜಿಗಳು ಸರ್ಕಾರದ ಜೊತೆ ಕೋರ್ಟಿನಲ್ಲಿ ವರ್ಷಗಟ್ಟಲೆ ಗುದ್ದಾಡಬೇಕಾಯಿತು.

1960ರಲ್ಲಿ ಡಾಲ್ಮೋರ್, ಗ್ಲಾಸ್ಗೋದ ವೈಟ್ ಅಂಡ್ ಮೆಕೇ ಕಂಪನಿಯೊಡನೆ ವಿಲೀನವಾಯಿತು. ಆ ಕಂಪನಿಯ ಬ್ಲೆಂಡೆಡ್ ವಿಸ್ಕಿಗೆ ಡಾಲ್ಮೋರ್ ಮಾಲ್ಟೇ ಬೆನ್ನೆಲುಬಾಗಿದ್ದರಿಂದ ಈ ಕೂಡಿಕೆಯಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. 1966ರಲ್ಲಿ ಹಂಡೆಗಳು ಎಂಟಾದವು. ಆಮೇಲೆ ಒಡೆಯರು ಬದಲಾದರು, ಮತ್ತೆ ಬದಲಾದರು.

ಇಲ್ಲಿ ಮಾಲ್ಟ್ ವಿಸ್ಕಿ ಹೇಗೆ ತಯಾರಾಗುತ್ತದೆ ಎಂದು ತುಸು ನೋಡಬೇಕು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ತರಿಯಾಗಿ ಒಡೆದು, ಬಿಸಿನೀರಿನಲ್ಲಿ ಕದಡಿ ಅದರ ಸಕ್ಕರೆಯನ್ನು ಬಸಿದುಕೊಳ್ಳುತ್ತಾರೆ. ಆ ಸಿಹಿನೀರಿಗೆ ಯೀಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಡಾಲ್ಮೋರ್‌ನ ಹಂಡೆಗಳು ನೋಡಲು ವಿಚಿತ್ರ. ಮೊದಲ ಭಟ್ಟಿಯ ಹಂಡೆಗಳಿಗೆ ಬೇರೆಡೆಯಂತೆ ಹಂಸದ ಕತ್ತಿನ ಕೊಳವೆ ಇಲ್ಲ, ತಲೆ ಚಪ್ಪಟೆ. ಎರಡನೆಯ ಭಟ್ಟಿಯ ಹಂಡೆಗಳ ಕುತ್ತಿಗೆಗೆ ತಾಮ್ರದ ಕವಚ ತೊಡಿಸಿ, ಕವಚದ ಒಳಗೆ ತಣ್ಣೀರು ಹರಿಸುತ್ತಾರೆ. ಭಾರವಾದ ಆವಿ ಅಲ್ಲೇ ತಣಿದು ಹಿಂದಕ್ಕೆ ಬೀಳುತ್ತದೆ, ಹಗುರಾದದ್ದು ಮಾತ್ರ ದಾಟುತ್ತದೆ. ಹೀಗೆ ಇಳಿದದ್ದು ನೀರಿನಷ್ಟೇ ತಿಳಿ. ಬಣ್ಣ, ಪರಿಮಳ, ನಾಲಗೆಗೆ ಹತ್ತುವ ಗುಣಗಳ ಬಹುಪಾಲು ಬರುವುದು ಅದನ್ನು ತುಂಬಿಡುವ ಓಕ್ ಮರದ ಪೀಪಾಯಿಯಿಂದ. ಡಾಲ್ಮೋರ್ ಅಮೆರಿಕದ ಬೂರ್ಬನ್ ವಿಸ್ಕಿ ತುಂಬಿದ್ದ ಪೀಪಾಯಿಗಳ ಜೊತೆಗೆ, ಸ್ಪೇನಿನ ಗೊನ್ಸಾಲೆಸ್ ಬಿಯಾಸ್ ಕಂಪನಿಯ ಮತುಸಲೇಮ್ ಎಂಬ ಹಳೆಯ ಶೆರಿ ವೈನ್ ತುಂಬಿದ್ದ ಪೀಪಾಯಿಗಳನ್ನು ತರಿಸುತ್ತದೆ. ಕಿತ್ತಳೆ ಸಿಪ್ಪೆ, ಚಾಕೊಲೇಟು, ಒಣದ್ರಾಕ್ಷಿ ಎಂದು ರುಚಿ ನೋಡುವವರು ಬಣ್ಣಿಸುವುದೆಲ್ಲ ಈ ಮರದ ಕೊಡುಗೆ.

ಪೀಪಾಯಿಗೆ ತುಂಬಿದ ದಿನದಿಂದ ವಯಸ್ಸಿನ ಲೆಕ್ಕ ಶುರು, ಬಾಟಲಿಗೆ ಇಳಿಸಿದ ದಿನ ಲೆಕ್ಕ ಮುಗಿಯಿತು. ಗಾಜಿನೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ತಾತ ಕೊಂಡಿಟ್ಟ ಹನ್ನೆರಡು ವರ್ಷದ ಬಾಟಲಿ ಮೊಮ್ಮಗನ ಕಾಲಕ್ಕೂ ಹನ್ನೆರಡು ವರ್ಷದ್ದೇ. ಬ್ರಿಟನ್ನಿನ ಕಾನೂನಿನಂತೆ ಕನಿಷ್ಠ ಮೂರು ವರ್ಷ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕಳೆಯದ ಸಾರಾಯಿಗೆ ಸ್ಕಾಚ್ ಎಂಬ ಹೆಸರಿಲ್ಲ, ಆಲ್ಕೋಹಾಲ್ ಶೇ 40ಕ್ಕಿಂತ ಕೆಳಗಿಳಿಯುವಂತಿಲ್ಲ. ಹಲವು ವಯಸ್ಸಿನವನ್ನು ಕೂಡಿಸಿದರೆ ಲೇಬಲ್ ಮೇಲೆ ಅತಿ ಕಿರಿಯದರ ವಯಸ್ಸನ್ನೇ ಹಾಕಬೇಕು. ವಿಂಟೇಜ್ ಎಂದು ಇಸವಿ ಮುದ್ರಿಸಿದರೆ ಒಳಗಿನ ಹನಿಹನಿಯೂ ಆ ವರ್ಷ ಭಟ್ಟಿ ಇಳಿದದ್ದಾಗಿರಬೇಕು. ವೈನ್ ಬಾಟಲಿಯ ಇಸವಿ ದ್ರಾಕ್ಷಿ ಕೊಯ್ದ ವರ್ಷವನ್ನು, ಆ ವರ್ಷದ ಬಿಸಿಲು ಮಳೆಯನ್ನು ಹೇಳುತ್ತದೆ. ವಿಸ್ಕಿಯ ಇಸವಿಗೆ ಬೆಳೆಯ ಹಂಗು ಅಷ್ಟಿಲ್ಲ. ಪೀಪಾಯಿ ಎಷ್ಟು ಕಾಲ ಯಾರ ಕೈಗೂ ಸಿಗದೆ ಗೋದಾಮಿನಲ್ಲಿ ಉಳಿಯಿತು ಎಂಬುದಕ್ಕೆ ಅದು ಸಾಕ್ಷಿ.

ಉಳಿಯುವುದು ಸುಲಭವಲ್ಲ. ಮರ ಉಸಿರಾಡುತ್ತದೆ, ಒಳಗಿನದು ಆರುತ್ತಲೇ ಇರುತ್ತದೆ. ಹೀಗೆ ಗಾಳಿಗೆ ಹೋದದ್ದನ್ನು ಸ್ಕಾಟರು ದೇವತೆಗಳ ಪಾಲು ಎನ್ನುತ್ತಾರೆ. ಅವರ ತಣ್ಣನೆಯ, ತೇವದ ಗೋದಾಮುಗಳಲ್ಲಿ ಆ ಪಾಲು ವರ್ಷಕ್ಕೆ ಸುಮಾರು ಶೇ 2. 200 ಲೀಟರಿನ ಪೀಪಾಯಿಯಲ್ಲಿ 12 ವರ್ಷದ ಹೊತ್ತಿಗೆ ಸುಮಾರು 157 ಲೀಟರ್, 50 ವರ್ಷಕ್ಕೆ ಸುಮಾರು 73 ಲೀಟರ್ ಉಳಿಯುತ್ತದೆ. ತೇವದ ಹವೆಯಲ್ಲಿ ನೀರಿಗಿಂತ ಆಲ್ಕೋಹಾಲ್ ಬೇಗ ಆರುವುದರಿಂದ ಗಡಸೂ ಇಳಿಯುತ್ತದೆ. ಅದು ಶೇ 40ಕ್ಕಿಂತ ಕೆಳಗಿಳಿಯುವ ಮೊದಲು ಬಾಟಲಿಗೆ ಇಳಿಸಲೇಬೇಕು, ತಡವಾದರೆ ಅಷ್ಟು ವರ್ಷ ಕಾದದ್ದಕ್ಕೆ ಸ್ಕಾಚ್ ಎಂಬ ಹೆಸರೂ ದಕ್ಕುವುದಿಲ್ಲ. ಮರದ ಕಹಿ ಮಿತಿಮೀರುವ ಭಯ ಬೇರೆ. ಯಾವ ಪೀಪಾಯಿ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಮೂಗಿನಿಂದಲೇ ಹೇಳುವವನು ಮಾಸ್ಟರ್ ಬ್ಲೆಂಡರ್. ಡಾಲ್ಮೋರ್‌ಗೆ ದಶಕಗಳ ಕಾಲ ಆ ಮೂಗಾಗಿದ್ದವರು ರಿಚರ್ಡ್ ಪ್ಯಾಟರ್ಸನ್. 1970ರಲ್ಲಿ ವೈಟ್ ಅಂಡ್ ಮೆಕೇ ಸೇರಿದ ಅವರು ಐದೇ ವರ್ಷಕ್ಕೆ ಮಾಸ್ಟರ್ ಬ್ಲೆಂಡರ್ ಆದರು. ಅವರ ಮೂಗಿಗೆ ಕಂಪನಿ ವಿಮೆ ಮಾಡಿಸಿದ್ದು ವ್ಯಾಪಾರದ ಗಿಮಿಕ್ಕೂ ಹೌದು, ಪೂರ್ತಿ ಸುಳ್ಳೂ ಅಲ್ಲ.

ಹಳೆಯ ಇಸವಿಗಳ ಬೆಲೆ ಜಗತ್ತಿಗೆ ಗೊತ್ತಾದದ್ದು ಡಾಲ್ಮೋರ್ 62ರಿಂದ. 1868, 1878, 1926 ಮತ್ತು 1939ರ ಮಾಲ್ಟ್‌ಗಳನ್ನು ಕೂಡಿಸಿ ಮಾಡಿದ ಇದರ ಬಾಟಲಿಗಳು ಹನ್ನೆರಡೇ. ಮೆಕೆಂಜಿಗಳು ಕೆಲಸ ವಹಿಸಿಕೊಂಡ ಮರುವರ್ಷದ ಮಾಲ್ಟ್ ಒಳಗಿದ್ದರೂ ಹೆಸರಿಗೆ 62 ಮಾತ್ರ, ಏಕೆಂದರೆ ಲೆಕ್ಕಕ್ಕೆ ಬರುವುದು ಕಿರಿಯದಾದ 1939ರದ್ದು. 2002ರಲ್ಲಿ ಗ್ಲಾಸ್ಗೋದ ಹರಾಜಿನಲ್ಲಿ ಒಂದು ಬಾಟಲಿ 25,000 ಪೌಂಡ್ ದಾಟಿತು. 2005ರಲ್ಲಿ ಇಂಗ್ಲೆಂಡಿನ ಹೋಟೆಲೊಂದರಲ್ಲಿ ಗಿರಾಕಿಯೊಬ್ಬ ಇನ್ನೊಂದು ಬಾಟಲಿಗೆ 32,000 ಪೌಂಡ್ ಕೊಟ್ಟು, ಅಲ್ಲೇ ಮುಚ್ಚಳ ತೆಗೆಸಿ ಗೆಳೆಯರ ಜೊತೆ ಕುಡಿದ. ಹಳೆಯ ವಿಸ್ಕಿಯನ್ನು ಕಪಾಟಿನಲ್ಲಿಟ್ಟು ಬಡ್ಡಿ ಎಣಿಸುವವರ ನಡುವೆ ಈ ಗಿರಾಕಿಯ ಮೇಲೆ ಗೌರವ ಹುಟ್ಟದೆ ಇರದು.

ಇಷ್ಟರಲ್ಲಿ ಬೆಂಗಳೂರು ಬಾಗಿಲು ತಟ್ಟಿತು. ಅಲ್ಲಿನ ಯುನೈಟೆಡ್ ಬ್ರೂವರೀಸ್ ಎಂಬ ಕಂಪನಿಯನ್ನು 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಕೂಡಿಸಿ ಕಟ್ಟಿದವನೂ ಥಾಮಸ್ ಲೀಷ್‌ಮನ್ ಎಂಬ ಸ್ಕಾಟನೇ. ಷೇರು ಕೊಳ್ಳುತ್ತ ಬಂದ ವಿಟ್ಠಲ ಮಲ್ಯ 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. 1951ರಲ್ಲಿ ಮೆಕ್‌ಡೊವೆಲ್ ಕಂಪನಿಯನ್ನೂ ಕೊಂಡರು. ಮಗ ವಿಜಯ್ ಮಲ್ಯರ ಕಾಲಕ್ಕೆ ಇದೇ ಗುಂಪಿನ ಯುನೈಟೆಡ್ ಸ್ಪಿರಿಟ್ಸ್ ದೇಶದ ಅತಿ ದೊಡ್ಡ ಮದ್ಯ ಕಂಪನಿಯಾಗಿತ್ತು. 2007ರ ಮೇ ತಿಂಗಳಲ್ಲಿ ಅದು ವೈಟ್ ಅಂಡ್ ಮೆಕೇಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. ಆಗಿನ ಲೆಕ್ಕದಲ್ಲಿ ಸುಮಾರು 4,800 ಕೋಟಿ ರೂಪಾಯಿ. ಡಾಲ್ಮೋರ್ ಜೊತೆಗೆ ಜೂರಾ, ಫೆಟರ್‌ಕೇರ್ನ್, ಟ್ಯಾಮ್ನವುಲಿನ್ ಡಿಸ್ಟಿಲರಿಗಳೂ ಇನ್ವರ್‌ಗಾರ್ಡನ್‌ನ ದೊಡ್ಡ ಧಾನ್ಯ ಡಿಸ್ಟಿಲರಿಯೂ ಕೈಗೆ ಬಂದವು.

ಕೊಂಡದ್ದು ಬರೀ ಶೋಕಿಗಲ್ಲ. ಹಾಸನ ಜಿಲ್ಲೆಯ ಹಗರೆ, ಜಾವಗಲ್, ಬಾಣಾವರದಂಥ ಊರುಗಳ ವೈನ್ ಶಾಪಿನಲ್ಲಿ ಕ್ವಾರ್ಟರ್, ನೈಂಟಿ ಲೆಕ್ಕದಲ್ಲಿ ಕೈಗೆ ಸಿಗುವ ಅಗ್ಗದ ವಿಸ್ಕಿಯ ಮೂಲದ್ರವ್ಯ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್. ಯುರೋಪಿನಲ್ಲಿ ಧಾನ್ಯದಿಂದ ಇಳಿಸಿ, ಮೂರು ವರ್ಷ ಮರದಲ್ಲಿಟ್ಟದ್ದಕ್ಕೆ ಮಾತ್ರ ವಿಸ್ಕಿ ಎಂಬ ಹೆಸರು. ಆದ್ದರಿಂದ ನಮ್ಮ ಇಂಥ ಬ್ರಾಂಡುಗಳನ್ನು ಆ ಹೆಸರಿನಲ್ಲಿ ಅಲ್ಲಿ ಮಾರುವಂತಿಲ್ಲ. ಇಲ್ಲಿನ ತುಸು ಮೇಲ್ದರ್ಜೆಯ ವಿಸ್ಕಿಗಳಿಗೆ ರುಚಿ ಕೊಡಲು ಒಂದಿಷ್ಟು ಸ್ಕಾಚ್ ಮಾಲ್ಟ್ ಬೆರೆಸುತ್ತಾರೆ. ಆ ಮಾಲ್ಟ್ ಸ್ವಂತ ಮನೆಯದೇ ಆಗಿರಲಿ ಎಂಬುದು ಮಲ್ಯರ ಲೆಕ್ಕಾಚಾರ. ಕಾಕಂಬಿಯ ಕಂಪನಿಗೆ ಮಾಲ್ಟ್ ಬೇಕಿತ್ತು. ಮಾಲ್ಟ್‌ನ ಜೊತೆಗೆ, ದುಡ್ಡು ಸುರಿದು ಹೊಸದಾಗಿ ತಯಾರಿಸಲಾಗದ ಒಂದು ಸರಕು ಗೋದಾಮಿನಲ್ಲಿ ಸಿಕ್ಕಿತು: ಹಳೆಯ ವರ್ಷಗಳು.

ಆ ವರ್ಷಗಳನ್ನು ಮಾರುವ ಕಲೆ ಈ ಅವಧಿಯಲ್ಲಿ ಉತ್ತುಂಗಕ್ಕೇರಿತು. 2010ರಲ್ಲಿ 64 ವರ್ಷದ ಟ್ರಿನಿಟಾಸ್ ಬಂತು. ಮೂರೇ ಬಾಟಲಿ, ಒಂದಕ್ಕೆ 1,00,000 ಪೌಂಡ್. 2011ರಲ್ಲಿ ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಡಾಲ್ಮೋರ್ 62ರ ಒಂದು ಬಾಟಲಿ 1,25,000 ಪೌಂಡಿಗೆ ಹೋಯಿತು. 2012ರಲ್ಲಿ ಕಾನ್‌ಸ್ಟಲೇಶನ್ ಎಂಬ ಸಾಲು: 1964ರಿಂದ 1992ರವರೆಗಿನ ಬೇರೆಬೇರೆ ಇಸವಿಗಳ 21 ಬಾಟ್ಲಿಂಗ್‌ಗಳು. ವಿಂಟೇಜ್ ಎಂಬ ಮಾತಿಗೆ ಡಾಲ್ಮೋರ್ ಕೊಟ್ಟ ಅತಿ ವಿಸ್ತಾರದ ಉದಾಹರಣೆ ಇದು. ಒಂದೇ ಡಿಸ್ಟಿಲರಿಯ ಮೂರು ದಶಕಗಳು ಒಂದೇ ಕಪಾಟಿನಲ್ಲಿ ಸಾಲಾಗಿ ನಿಂತವು. 2013ರಲ್ಲಿ ಪ್ಯಾಟರ್ಸನ್ ಹೆಸರಿನದೇ ಹನ್ನೆರಡು ಬಾಟಲಿಗಳ ಸಂಗ್ರಹವನ್ನು ಲಂಡನ್ನಿನ ಹ್ಯಾರಡ್ಸ್ ಅಂಗಡಿ 9,87,500 ಪೌಂಡಿಗೆ ಮಾರಾಟಕ್ಕಿಟ್ಟಿತು. ರುಚಿ ಅಷ್ಟು ಬೆಲೆಗೆ ತಕ್ಕದ್ದೇ ಎಂಬ ಪ್ರಶ್ನೆ ಇಲ್ಲಿ ಸಲ್ಲದು. ಅಂಥ ಬಾಟಲಿಗಳಲ್ಲಿ ಬಹುಪಾಲನ್ನು ಯಾರೂ ತೆರೆಯುವುದೇ ಇಲ್ಲ.

ಮಲ್ಯರ ಒಡೆತನ ಮುಗಿದದ್ದು ವಿಸ್ಕಿಯ ದೆಸೆಯಿಂದಲ್ಲ. ಅವರ ವಿಮಾನ ಕಂಪನಿಯ ಸಾಲ ಕುತ್ತಿಗೆಗೆ ಬಂದಾಗ, 2012ರ ನವೆಂಬರಿನಲ್ಲಿ ಯುನೈಟೆಡ್ ಸ್ಪಿರಿಟ್ಸ್‌ನ ಪಾಲನ್ನು ಬ್ರಿಟನ್ನಿನ ಡಿಯಾಜಿಯೊಗೆ ಮಾರುವ ಒಪ್ಪಂದವಾಯಿತು. ಡಿಯಾಜಿಯೊ ಕೈಯಲ್ಲಿ ಮೊದಲೇ ಬೆಲ್ಸ್ ವಿಸ್ಕಿ ಇತ್ತು. ಅದರ ಜೊತೆ ವೈಟ್ ಅಂಡ್ ಮೆಕೇಯೂ ಸೇರಿದರೆ ಪೈಪೋಟಿ ಕುಗ್ಗುತ್ತದೆ ಎಂದು ಬ್ರಿಟನ್ನಿನ ವ್ಯಾಪಾರ ನಿಯಂತ್ರಕರು ತಕರಾರೆತ್ತಿದರು. ಕೊನೆಗೆ 2014ರಲ್ಲಿ ವೈಟ್ ಅಂಡ್ ಮೆಕೇ, ಡಾಲ್ಮೋರ್ ಸಮೇತ, ಫಿಲಿಪ್ಪೀನ್ಸ್‌ನ ಬ್ರಾಂಡಿ ಕಂಪನಿ ಎಂಪೆರಡಾರ್‌ಗೆ 43 ಕೋಟಿ ಪೌಂಡಿಗೆ ಹೋಯಿತು. ಕೊಂಡ ಬೆಲೆಗಿಂತ 16.5 ಕೋಟಿ ಪೌಂಡ್ ಕಡಿಮೆ. ಮಲ್ಯರ ಮುಂದಿನ ಕತೆ ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವುದೇ.

ಬೆಂಗಳೂರಿನ ಇನ್ನೊಂದು ಮನೆತನ ಇದೇ ಕಾಲದಲ್ಲಿ ಇದಕ್ಕೆ ತಿರುಗುಮುರುಗಾದ ದಾರಿ ಹಿಡಿದಿತ್ತು. ಜೆ.ಎನ್. ರಾಧಾಕೃಷ್ಣ ಜಗದಾಳೆ 1948ರಲ್ಲಿ ಆರಂಭಿಸಿದ ಅಮೃತ್ ಡಿಸ್ಟಿಲರೀಸ್ ಮೊದಲಿಗೆ ಬ್ರಾಂಡಿ, ರಮ್ ಮಾರುತ್ತಿದ್ದ ಕಂಪನಿ. ಮಗ ನೀಲಕಂಠ ಜಗದಾಳೆ 1980ರ ದಶಕದಲ್ಲಿ ಬಾರ್ಲಿಯ ಮಾಲ್ಟ್ ಇಳಿಸಲು ಕೈಹಾಕಿದರು. ಆಗಿನ ಉದ್ದೇಶ ಅದನ್ನು ಕಾಕಂಬಿಯ ಸ್ಪಿರಿಟ್‌ಗೆ ಬೆರೆಸುವುದಷ್ಟೆ. ಮೈಸೂರು ರಸ್ತೆಯ ಕಂಬೀಪುರದ ಗೋದಾಮಿನಲ್ಲಿ ಮಾಲ್ಟ್ ಉಳಿದು ಬಲಿಯುತ್ತ ಹೋದಂತೆ, ಬೆರೆಸದೆ ಅದನ್ನೇ ಸಿಂಗಲ್ ಮಾಲ್ಟ್ ಆಗಿ ಯಾಕೆ ಮಾರಬಾರದು ಎಂಬ ಯೋಚನೆ ಹುಟ್ಟಿತು. ಮೊಮ್ಮಗ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಎಂಬಿಎ ಓದುತ್ತಿದ್ದರು. ಭಾರತದ ಮಾಲ್ಟ್ ಬ್ರಿಟನ್ನಿನಲ್ಲಿ ಮಾರಾಟವಾದೀತೇ ಎಂಬುದನ್ನೇ ಅಧ್ಯಯನದ ವಿಷಯ ಮಾಡಿಕೊಂಡು, ಗ್ಲಾಸ್ಗೋದ ಪಬ್ಬುಗಳಲ್ಲಿ ಹೆಸರು ಹೇಳದೆ ಕುಡಿಸಿ ನೋಡಿದರು. ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು 2004ರ ಆಗಸ್ಟ್ 24ರಂದು, ಗ್ಲಾಸ್ಗೋದಲ್ಲೇ. ವೈಟ್ ಅಂಡ್ ಮೆಕೇ ಹುಟ್ಟಿದ ಊರಿನಲ್ಲಿ, ಅದು ಬೆಂಗಳೂರಿಗೆ ಮಾರಾಟವಾಗುವ ಮೂರು ವರ್ಷ ಮೊದಲು. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಕುಡಿದ ಬಾರ್ಲಿ ಸೇರಿಸಿದ ಅಮೃತ್ ಫ್ಯೂಶನ್‌ಗೆ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಬೈಬಲ್‌ನಲ್ಲಿ ಜಗತ್ತಿನ ಮೂರನೆಯ ಸ್ಥಾನ ಕೊಟ್ಟ ಮೇಲೆ ತವರಿನಲ್ಲೂ ಕೇಳುವವರು ಹುಟ್ಟಿಕೊಂಡರು.

ಜಗದಾಳೆಯವರ ಹತ್ತಿರ ಇಲ್ಲದ್ದು ಹಳೆಯ ಇಸವಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ಹವೆ ಹಿತ ಎಂಬ ಹೆಸರೇನೋ ಇದೆ. ಪೀಪಾಯಿಗೆ ಆ ಹಿತ ಸಾಲದು. ಇಲ್ಲಿ ದೇವತೆಗಳ ಪಾಲು ವರ್ಷಕ್ಕೆ ಶೇ 10ರಿಂದ 12. ಬೇಲೂರು, ಹಳೇಬೀಡು, ಹಗರೆಯ ಸೀಮೆಯೂ ಹೆಚ್ಚುಕಡಿಮೆ ಅದೇ ಎತ್ತರದ್ದು, ಅಲ್ಲಿ ಪೀಪಾಯಿ ಇಟ್ಟರೂ ಲೆಕ್ಕ ತೀರಾ ಬೇರೆಯಾಗದು. ಹಗೇವಿಗೆ ಇಳಿಸಿದ ರಾಗಿಯಂತಲ್ಲ ಇದು. ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಕೂತು, ಅಳೆದು ಹಾಕಿದಷ್ಟನ್ನೂ ಅಳೆದು ಕೊಡುತ್ತದೆ. ಶೇ 11ರ ಲೆಕ್ಕದಲ್ಲಿ 200 ಲೀಟರಿನ ಪೀಪಾಯಿ 12 ವರ್ಷಕ್ಕೆ ಸುಮಾರು 50 ಲೀಟರಿಗೆ ಇಳಿಯುತ್ತದೆ. ಡಾಲ್ಮೋರ್‌ನಂತೆ 50 ವರ್ಷ ಕಾಯುತ್ತ ಕೂತರೆ ಉಳಿಯುವುದು ಮುಕ್ಕಾಲು ಲೀಟರಿಗೂ ಕಡಿಮೆ, ಒಂದು ಬಾಟಲಿಯೂ ತುಂಬದು. ಇಲ್ಲಿನ ಬಿಸಿಯಿಂದ ಲಾಭವೂ ಉಂಟು. ಮರದ ಒಳಕ್ಕೂ ಹೊರಕ್ಕೂ ದ್ರವದ ಓಡಾಟ ಜೋರಾಗಿ, ಸ್ಕಾಟ್ಲೆಂಡಿನಲ್ಲಿ ಹತ್ತು ಹನ್ನೆರಡು ವರ್ಷ ಹಿಡಿಯುವ ಬಣ್ಣ, ಹದ ಇಲ್ಲಿ ನಾಲ್ಕೈದು ವರ್ಷಕ್ಕೇ ಕೂಡಿಬರುತ್ತದೆ. ನಾಲ್ಕು ವರ್ಷ ಎಂದು ಲೇಬಲ್ಲಿನಲ್ಲಿ ಬರೆದರೆ ಕೊಳ್ಳುವವನು ಮೂಗು ಮುರಿದಾನು. ಹೀಗಾಗಿ ಅಮೃತ್‌ನ ಬಹುತೇಕ ಬಾಟಲಿಗಳು ವಯಸ್ಸನ್ನೇ ಹೇಳುವುದಿಲ್ಲ.

ವಯಸ್ಸಿನ ಬದಲು ಪೀಪಾಯಿಯ ಆಟ ಹೂಡಿದರು. ಬೂರ್ಬನ್ ಪೀಪಾಯಿಯಿಂದ ಶೆರಿ ಪೀಪಾಯಿಗೆ, ಅಲ್ಲಿಂದ ಮತ್ತೆ ಬೂರ್ಬನ್‌ಗೆ ದಾಟಿಸಿದ ಇಂಟರ್‌ಮೀಡಿಯಟ್ ಶೆರಿ, ಬೇರೆಬೇರೆ ಬಗೆಯ ಓಕ್ ಹಲಗೆ ಕೂಡಿಸಿ ಕಟ್ಟಿದ ಪೀಪಾಯಿಯ ಸ್ಪೆಕ್ಟ್ರಂ, ಬೆಂಗಳೂರಿನಲ್ಲಿ ಬಲಿತದ್ದನ್ನು ತಂಪು ನಾಡಿಗೆ ಹಡಗಿನಲ್ಲಿ ಕಳಿಸಿ ಅಲ್ಲೂ ಕೆಲಕಾಲ ಇರಿಸಿದ ಟೂ ಕಾಂಟಿನೆಂಟ್ಸ್. ಕಾದು ನೋಡುವ ಹಟವನ್ನೂ ಪೂರ್ತಿ ಬಿಡಲಿಲ್ಲ. 2013ರಲ್ಲಿ, ನೀಲಕಂಠ ಜಗದಾಳೆಯವರಿಗೆ 60 ತುಂಬಿದ ನೆನಪಿಗೆ, ಎಂಟು ವರ್ಷದ ಮಾಲ್ಟ್ ಹೊರಬಂತು. ಬಾಟಲಿಗಳು 144 ಮಾತ್ರ. ಹೆಸರು ಗ್ರೀಡಿ ಏಂಜಲ್ಸ್, ಅಂದರೆ ಆಸೆಬುರುಕ ದೇವತೆಗಳು. ಆಮೇಲೆ ಅದೇ ಹೆಸರಿನಲ್ಲಿ 10 ವರ್ಷದ್ದು, 12 ವರ್ಷದ್ದೂ ಬಂದವು. ಸ್ಕಾಟ್ಲೆಂಡಿನಲ್ಲಿ 12 ವರ್ಷದ ಮಾಲ್ಟ್ ಅಂಗಡಿಯ ಕೆಳಗಿನ ಸಾಲಿನ ಸರಕು. ಡಾಲ್ಮೋರ್‌ನ ಕಾಯಂ ಪಟ್ಟಿಯೂ 12ರಿಂದಲೇ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಅಷ್ಟು ವರ್ಷ ಉಳಿಸಿಕೊಂಡ ಮಾಲ್ಟ್ ಸಂಗ್ರಹಕಾರರು ಹುಡುಕಿಕೊಂಡು ಬರುವ ಅಪರೂಪದ ವಸ್ತು. ನೀಲಕಂಠ ಜಗದಾಳೆ 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಕಂಪನಿ ಈಗಲೂ ಮನೆತನದ ಕೈಯಲ್ಲೇ ಇದೆ.